ಬಚ್ಚಲ ಒಲೆ ಆರಿದ ಮೇಲೆ

ನಮ್ಮ ಮನೆಯ ಜಗುಲಿಯ ನೆಲ ಕೆಂಪು ಗಾರೆಯದು. ಆದ್ದರಿಂದ ದಾಸುವಿನ ಮೂಗಿನಿಂದ ರಕ್ತ ತೊಟ್ಟಿಕ್ಕಲು ಶುರುವಾಗಿ ಎಷ್ಟು ದಿನಗಳ ಮೇಲೆ ಅದು ನಮ್ಮ ಗಮನಕ್ಕೆ ಬಂತೆಂದು ಈಗ ಖಚಿತವಾಗಿ ಹೇಳಲಾರೆ. 2024ರ ಆಶ್ಲೇಷಾ ಮಳೆಯ ಒಂದು ಬೆಳಿಗ್ಗೆ ಹಳೆಯ ಬಿಳಿ ಪಂಚೆಯ ತುಂಡಿನಿಂದ ಜಗುಲಿ ಒರೆಸುತ್ತಿದ್ದ ಅಮ್ಮ ಆ ಬಟ್ಟೆಯನ್ನು ನನ್ನ ಮುಂದೆ ಹಿಡಿದು, “ಗಾರೆ ಬಣ್ಣ ಬಿಡ್ತಿದೆ ಅಂದ್ಕೊಂಡಿದ್ದೆ. ನೋಡು, ರಕ್ತ ಕಣೋ ಇದು” ಎಂದರು. ದಾಸು ಎರಡು ವಾರಗಳಿಂದ ಸೀನುತ್ತಿದ್ದುದು ನಮಗೆಲ್ಲ ಗೊತ್ತಿತ್ತು. ಪುಷ್ಯ ಮಳೆಯಲ್ಲಿ ಮನುಷ್ಯರೇ ಸೀನುತ್ತಾರೆ, ನಾಯಿ ಸೀನಿದರೆ ಏನು ವಿಶೇಷ ಎಂದು ಸುಮ್ಮನಿದ್ದೆವು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆಯ ಕಡೆಗಿರುವ ಒಂದು ಹಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಿಸುವುದೇ ಒಂದು ದೊಡ್ಡ ಕೆಲಸವೆಂಬಷ್ಟಂತೂ ಇದೆ. ಇಂಥ ಊರಿನಲ್ಲಿ ಬೂಷ್ಟು ಎಂಬುದು ಯಾರ ಕಣ್ಣಿಗೂ ಬೀಳುವ ವಸ್ತುವಲ್ಲ. ಚಪ್ಪಲಿಯ ಮೇಲೆ, ಬೆಲ್ಟಿನ ಮೇಲೆ, ಪುಸ್ತಕದ ಬೆನ್ನಿನ ಮೇಲೆ, ದೇವರ ಕೋಣೆಯ ಚೌಕಟ್ಟಿನ ಮೇಲೆ ಅದು ಬರುತ್ತದೆ, ಒರೆಸುತ್ತೇವೆ, ಮತ್ತೆ ಬರುತ್ತದೆ. ತೋಟದ ಅಡಿಕೆಗೆ ಕೊಳೆ ಬರಬಾರದೆಂದು ಮಳೆಗೆ ಮೊದಲೇ ಆಳು ಹುಡುಕಿ, ಮೈಲುತುತ್ತ ಮತ್ತು ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುವ ನಾವು, ಮನೆಯೊಳಗಿನ ಗೋಡೆ ಕಪ್ಪಾದರೆ ಕ್ಯಾಲೆಂಡರನ್ನು ಅತ್ತ ಸರಿಸಿ ನೇತುಹಾಕುತ್ತೇವೆ.

ದಾಸು ಆಗ ಆರು ವರ್ಷದ, 18 ಕಿಲೋ ತೂಕದ, ಉದ್ದ ಮೂತಿಯ ನಾಟಿ ನಾಯಿ. ಮೂತಿ ಉದ್ದವಾಗಿರುವುದು ಈ ಕಥೆಗೆ ಮುಖ್ಯವೆಂದು ಆಗ ನನಗೆ ತಿಳಿದಿರಲಿಲ್ಲ. ಅವನು ಮಲಗುತ್ತಿದ್ದುದು ಹಿಂದಿನ ಓಣಿಯಲ್ಲಿ, ಬಚ್ಚಲಮನೆಯ ಒಲೆಗೆ ಅಂಟಿಕೊಂಡ ಗೋಡೆಯ ಪಕ್ಕ, ಒಂದರ ಮೇಲೊಂದು ಹಾಸಿದ ಗೋಣಿಚೀಲಗಳ ಮೇಲೆ. ಮರಿಯಾಗಿದ್ದಾಗ ಒಲೆಯ ಬೂದಿಯಲ್ಲೇ ಮಲಗುತ್ತಿದ್ದವನು, ದೊಡ್ಡವನಾದ ಮೇಲೆ ಅಮ್ಮನ ಬೈಗುಳಕ್ಕೆ ಹೆದರಿ ಗೋಡೆಯ ಈಚೆಗೆ ಬಂದಿದ್ದ. ಒಲೆಯ ಕಾವು ಗೋಡೆ ದಾಟಿ ಅಲ್ಲಿಗೂ ಬರುತ್ತಿತ್ತು.

ರಕ್ತ ಕಂಡ ದಿನವೇ ಹತ್ತಿರದ ಪೇಟೆಯಲ್ಲಿರುವ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿಯ ವೈದ್ಯರು ಒಸಡು ನೋಡಿ, ಜ್ವರ ನೋಡಿ, ಕಿವಿಯ ಹಿಂದೆ ಸಿಕ್ಕಿದ ಎರಡು ಉಣುಗುಗಳನ್ನು ಕಿತ್ತು ತೋರಿಸಿ, ಇದು ಉಣುಗಿನ ಜ್ವರವೇ ಎಂದರು. ಅವರನ್ನು ನಾನು ದೂರಲಾರೆ. ನಮ್ಮ ಸೀಮೆಯಲ್ಲಿ ನಾಯಿಯ ಮೂಗಿನಿಂದ ರಕ್ತ ಬಂದರೆ ಯಾರಿಗಾದರೂ ಮೊದಲು ಹೊಳೆಯುವುದು ಎರ್ಲಿಕಿಯಾ ಎಂಬ ಆ ಸೋಂಕೇ. ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿದು ಮೂಗು ಸೋರುತ್ತದೆ. ಆದರೆ ಪ್ಲೇಟ್‌ಲೆಟ್ ಎಣಿಸದೆಯೇ 28 ದಿನಗಳ ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು, ನಾನೂ ಕೇಳಲಿಲ್ಲ. ಮಾತ್ರೆ ಕೊಟ್ಟ ಐದಾರು ದಿನಗಳಲ್ಲಿ ರಕ್ತ ಕಡಿಮೆಯಾಯಿತು, ಹಳದಿ ಸಿಂಬಳ ತೆಳುವಾಯಿತು. ರೋಗ ಸಿಕ್ಕಿತೆಂದು ನೆಮ್ಮದಿಪಟ್ಟೆ. ಮೂಗಿನೊಳಗೆ ಬೇರೆ ಏನೋ ಕೂತು ಅದರ ಮೇಲೆ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಆ ಬ್ಯಾಕ್ಟೀರಿಯಾ ಮಾತ್ರ ಮಾತ್ರೆಗೆ ಜಗ್ಗುತ್ತದೆ, ನೋಡುವವರಿಗೆ ಗುಣವಾದಂತೆ ಕಾಣುತ್ತದೆ ಎಂಬುದನ್ನು ನನಗೆ ಹೇಳಿದವರು ಒಂದೂವರೆ ತಿಂಗಳ ನಂತರ ಸಿಕ್ಕಿದ ಇನ್ನೊಬ್ಬ ವೈದ್ಯರು.

ಮಾತ್ರೆ ಮುಗಿಯುವ ಮೊದಲೇ ಸೀನು ಮತ್ತೆ ಶುರುವಾಯಿತು. ಪಕ್ಕದ ಮನೆಯ ಹಿರಿಯರೊಬ್ಬರು, “ಜಿಗಣೆ ಹೊಕ್ಕಿರಬೇಕು ಮೇಷ್ಟ್ರೇ, ಹಳ್ಳದ ನೀರು ಕುಡಿಯೋ ನಾಯಿ” ಎಂದರು. ಅದೂ ಅಸಂಭವವೇನಲ್ಲ. ಕಾಲಿಗೆ ಹತ್ತುವ ಇಂಬಳ ಬೇರೆ, ನೀರಿನಲ್ಲಿರುವ ಜಿಗಣೆ ಬೇರೆ. ಎರಡನೆಯದು ನೀರು ಕುಡಿಯುವಾಗ ದನ ಮತ್ತು ನಾಯಿಗಳ ಮೂಗು ಹೊಕ್ಕು ವಾರಗಟ್ಟಲೆ ಕೂತು ರಕ್ತ ಹೀರುತ್ತದೆ, ಅದರ ಲಕ್ಷಣವೂ ಒಂದೇ ಹೊಳ್ಳೆಯ ರಕ್ತ. ಹಿರಿಯರು ಹೇಳಿದಂತೆ ಅರ್ಧ ದಿನ ನೀರು ಕೊಡದೆ ಕಟ್ಟಿಹಾಕಿ, ಅನಂತರ ಮೂಗಿನ ಮುಂದೆ ತಣ್ಣೀರಿನ ಬಟ್ಟಲು ಹಿಡಿದು, ಟಾರ್ಚ್ ಬಿಟ್ಟು, ಜಿಗಣೆ ನೀರಿನಾಸೆಗೆ ಹೊರಗೆ ಚಾಚೀತೇ ಎಂದು ಮೂರು ಸಂಜೆ ಕಾದು ಕೂತೆವು. ಏನೂ ಬರಲಿಲ್ಲ. ಅಷ್ಟರಲ್ಲಿ ಔಷಧಿ ಅಂಗಡಿಯವರೊಬ್ಬರು ಅಲರ್ಜಿ ಇರಬಹುದೆಂದು ಸ್ಟೀರಾಯ್ಡ್ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿಟ್ಟರು. ಅದನ್ನು ದಾಸುವಿಗೆ ಕೊಡದಿದ್ದುದು ನನ್ನ ಬುದ್ಧಿವಂತಿಕೆಯಿಂದಲ್ಲ, ಆ ಪಟ್ಟಿ ಜೇಬಿನಲ್ಲೇ ಮಳೆಗೆ ನೆನೆದು ಹಾಳಾದದ್ದರಿಂದ. ಒಳಗೆ ಶಿಲೀಂಧ್ರ ಬೆಳೆಯುತ್ತಿರುವ ಪ್ರಾಣಿಗೆ ಸ್ಟೀರಾಯ್ಡ್ ಕೊಟ್ಟರೆ ದೇಹದ ಕಾವಲನ್ನೇ ತೆಗೆದಂತೆ.

ಸೆಪ್ಟೆಂಬರ್ ನಡುವಿಗೆ, ಉತ್ತರಾ ಮಳೆಯ ಹೊತ್ತಿಗೆ, ಕಣ್ಣಿಗೆ ಕಾಣುವ ಹೊಸದೊಂದು ಗುರುತು ಬಂತು. ದಾಸುವಿನ ಮೂಗು ಇದ್ದಿಲಿನಂತೆ ಕಪ್ಪು. ಅದರ ಬಲ ಹೊಳ್ಳೆಯ ಕೆಳ ಅಂಚಿನಲ್ಲಿ, ಸಿಂಬಳ ಇಳಿಯುವ ದಾರಿಯಗುಂಟ, ಬಣ್ಣ ಹೋಗಿ ಗುಲಾಬಿಯಾಗಿತ್ತು. ಹತ್ತಿರದಿಂದ ನೋಡಿದರೆ ಅಲ್ಲಿ ಚರ್ಮದ ಮೇಲಿರಬೇಕಾದ ಸಣ್ಣ ಸಣ್ಣ ಕಣಗಳ ವಿನ್ಯಾಸ ಅಳಿಸಿಹೋಗಿ, ಹದವಾಗಿ ಬೆಂದ ಗೆಣಸಿನ ಸಿಪ್ಪೆ ಸುಲಿದಂತೆ ನುಣುಪಾಗಿತ್ತು. ಮುಖ ಸವರಲು ಹೋದರೆ ಮೊದಲೆಲ್ಲ ಕೈಯೊಳಗೆ ತಲೆ ಒತ್ತುತ್ತಿದ್ದವನು ಈಗ ಬಲಗಣ್ಣಿನ ಕೆಳಗೆ ಬೆರಳು ತಾಗಿದರೆ ಹಿಂದೆ ಸರಿಯುತ್ತಿದ್ದ. ಆ ದಿನವೇ ಶಿವಮೊಗ್ಗಕ್ಕೆ ಹೊರಟೆವು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರಿಗೂ ಹೆಚ್ಚು ದಾರಿ. ಪ್ರತಿ ಸಲವೂ ಮಂಡಗದ್ದೆಯ ಹತ್ತಿರ ತುಂಗೆಯ ಗಾಳಿ ಬಂದೊಡನೆ ದಾಸು ಕಿಟಕಿಯಿಂದ ಮೂತಿ ಹೊರಹಾಕಿ ಮೂಸುತ್ತಿದ್ದ. ಆ ಸಲ ಮೂತಿ ಹಾಕಿದ, ಒಂದು ಸಲ ಸೀನಿದ, ಸೀಟಿನ ಮೇಲೆ ರಕ್ತದ ಸಣ್ಣ ಸಣ್ಣ ಹನಿಗಳು ಚಿಮ್ಮಿದವು, ಆಮೇಲೆ ಕೆಳಗೆ ಮಲಗಿಬಿಟ್ಟ.

ಶಿವಮೊಗ್ಗದ ವೈದ್ಯರು ವಯಸ್ಸಾದವರು, ಮಾತು ಕಡಿಮೆ. ಮೊದಲು ಮಾಡಿದ ಕೆಲಸವೆಂದರೆ ಒಂದು ಗಾಜಿನ ಪಟ್ಟಿಯನ್ನು ಮೂಗಿನ ಮುಂದೆ ಹಿಡಿದದ್ದು. ಎಡ ಹೊಳ್ಳೆಯ ಉಸಿರಿನಿಂದ ಗಾಜು ಮಂಜಾಯಿತು, ಬಲದಿಂದಲೂ ಆಯಿತು. “ಗಾಳಿ ಆಡ್ತಿದೆ. ಗೆಡ್ಡೆ ಇದ್ದಿದ್ರೆ ಸಾಮಾನ್ಯವಾಗಿ ಮುಚ್ಕೊಳ್ತದೆ” ಎಂದರು. ನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಒಂದು ಬಗೆಯ ಗೆಡ್ಡೆ ಮೂಸುವಾಗ ಮೂಗಿಗೂ ಅಂಟಿ ಬೆಳೆಯುವುದುಂಟು, ಬೀದಿನಾಯಿಗಳ ಸಹವಾಸವಿರುವ ನಾಯಿಯಲ್ಲಿ ಅದನ್ನು ಮರೆಯುವಂತಿಲ್ಲ ಎಂಬುದು ಅವರ ವಿವರಣೆ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎರಡು ಲಕ್ಷದ ಮೇಲಿತ್ತು, ಅಂದರೆ ಸಹಜ. ಮಂಪರು ಬರಿಸಿ ಮೂತಿಯ ಎಕ್ಸ್-ರೇ ತೆಗೆದರು.

ಆ ಚಿತ್ರವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ತೋರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ನಾಯಿಯ ಮೂಗಿನೊಳಗೆ ತೆಳ್ಳಗಿನ ಸುರುಳಿ ಮೂಳೆಗಳು ಹಾಳೆಹಾಳೆಯಾಗಿ ತುಂಬಿರುತ್ತವೆ. ಒಳಗೆ ಹೋಗುವ ಗಾಳಿ ಅವುಗಳ ನಡುವೆ ಹಾದು ಬಿಸಿಯಾಗಿ, ತೇವವಾಗಿ, ಸೋಸಿಕೊಂಡು ಮುಂದೆ ಹೋಗುತ್ತದೆ. ಎಡಗಡೆ ಆ ಹಾಳೆಗಳ ನವುರಾದ ಬಿಳಿ ಗೆರೆಗಳು ಚಕ್ಕುಲಿಯ ಸುತ್ತಿನಂತೆ ಕಾಣುತ್ತಿದ್ದವು. ಬಲಗಡೆ ಗೆರೆಗಳೇ ಇರಲಿಲ್ಲ. ಕಪ್ಪು. ಖಾಲಿ ಕೋಣೆ. “ಇಲ್ಲಿ ಯಾರೋ ತಿಂದುಹಾಕಿದ್ದಾರೆ ಮೇಷ್ಟ್ರೇ” ಎಂದರು ವೈದ್ಯರು. ಮೂಗು ತೆರೆದಿದೆ, ಒಳಗಿನ ಮೂಳೆ ಕರಗಿದೆ, ಹೊಳ್ಳೆಯ ಬಣ್ಣ ಹೋಗಿದೆ, ಮುಟ್ಟಿದರೆ ನೋವಿದೆ. ಈ ನಾಲ್ಕೂ ಒಟ್ಟಿಗೆ ಇದ್ದರೆ ಶಿಲೀಂಧ್ರದ ಅನುಮಾನ ಬಲವಾಗುತ್ತದೆ, ಆದರೆ ಕಣ್ಣಿಂದ ಕಂಡು ತುಣುಕು ತೆಗೆದು ನೋಡದೆ ಔಷಧ ಶುರು ಮಾಡಬಾರದು ಎಂದು ಹೇಳಿ, ಸಿ.ಟಿ. ಸ್ಕ್ಯಾನ್ ಮತ್ತು ಎಂಡೋಸ್ಕೋಪ್ ಎರಡೂ ಇರುವ ಬೆಂಗಳೂರಿನ ಒಂದು ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. ಸಿಂಬಳವನ್ನೇ ಪರೀಕ್ಷೆಗೆ ಕಳಿಸಬಹುದಲ್ಲ ಎಂದು ಕೇಳಿದೆ. ಈ ಶಿಲೀಂಧ್ರದ ಬೀಜಕಣ ಗಾಳಿಯಲ್ಲೆಲ್ಲ ಇರುವುದರಿಂದ ಆರೋಗ್ಯವಾಗಿರುವ ನಾಯಿಯ ಸಿಂಬಳದಲ್ಲೂ ಬೆಳೆಯಬಹುದು, ರೋಗವಿರುವ ನಾಯಿಯ ಸಿಂಬಳದಲ್ಲಿ ಬೆಳೆಯದೆಯೂ ಇರಬಹುದು, ಆದ್ದರಿಂದ ಅದೊಂದನ್ನೇ ನಂಬಿ ಹೇಳುವಂತಿಲ್ಲ ಎಂದರು.

ಬೆಂಗಳೂರಿನಲ್ಲಿ ದಾಸುವಿಗೆ ಅರಿವಳಿಕೆ ಕೊಟ್ಟು ಮೊದಲು ಸಿ.ಟಿ. ತೆಗೆದರು. ಅದರ ಮುಖ್ಯ ಉದ್ದೇಶ ಮೂಗಿಗೂ ಮಿದುಳಿಗೂ ನಡುವೆ ಇರುವ ಜರಡಿಯಂಥ ಮೂಳೆಫಲಕ ಗಟ್ಟಿಯಾಗಿದೆಯೇ ಎಂದು ತಿಳಿಯುವುದು. ಅದು ತೂತಾಗಿದ್ದರೆ ಮೂಗಿಗೆ ತುಂಬುವ ಔಷಧ ಮಿದುಳಿಗೆ ತಾಗುವ ಅಪಾಯವಿದೆ. ಫಲಕ ಗಟ್ಟಿಯಾಗಿತ್ತು. ಬಳಿಕ ಹೊಳ್ಳೆಯೊಳಗೆ ಕ್ಯಾಮೆರಾ ಇಳಿಸಿದರು. ವೈದ್ಯೆ ನನ್ನನ್ನು ಒಳಗೆ ಕರೆದು ಪರದೆ ತೋರಿಸಿದರು. ಕೆಂಪು ಗುಹೆಯೊಂದರ ಗೋಡೆಗೆ ಬೂದುಬಿಳಿ ಬಣ್ಣದ, ಅಂಚು ಎದ್ದ ಚಪ್ಪಟೆ ತುಂಡೊಂದು ಅಂಟಿಕೊಂಡಿತ್ತು. ಅದರ ಮೇಲೆ ಅಲ್ಲಲ್ಲಿ ಹಸಿರು ಛಾಯೆಯ ಹುಡಿ. ಅದನ್ನು ನಾನು ಮೊದಲು ಎಲ್ಲಿ ಕಂಡಿದ್ದೆನೆಂದು ಯೋಚಿಸಬೇಕಾಗಲಿಲ್ಲ. ಮಳೆಗಾಲದಲ್ಲಿ ಡಬ್ಬಿಯ ತಳದಲ್ಲಿ ಮರೆತ ರೊಟ್ಟಿಯ ಮೇಲೆ ಅದೇ ಇರುತ್ತದೆ. ಇಕ್ಕಳದಿಂದ ಚಿಟಿಕೆಯಷ್ಟು ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟಾಗ ಕವಲೊಡೆದ ಎಳೆಗಳು ಕಂಡವು. ಕೆಲವು ದಿನಗಳ ಮೇಲೆ ಬಂದ ಪ್ರಯೋಗಾಲಯದ ವರದಿಯಲ್ಲಿ ಹೆಸರೂ ಇತ್ತು: ಅಸ್ಪರ್ಜಿಲ್ಲಸ್ ಫ್ಯೂಮಿಗೇಟಸ್.

ಎಚ್ಚರವಾಗುತ್ತಿದ್ದ ದಾಸುವಿನ ಪಕ್ಕ ಕೂತೇ ವೈದ್ಯೆ ಕೇಳಿದ ಪ್ರಶ್ನೆಗಳಲ್ಲಿ ಒಂದೂ ರೋಗದ ಬಗ್ಗೆ ಇರಲಿಲ್ಲ. ಎಲ್ಲಿ ಮಲಗುತ್ತಾನೆ? ಹಾಸಿಗೆ ಯಾವುದರದು? ಅದನ್ನು ಕೊನೆಯ ಸಲ ಬಿಸಿಲಿಗೆ ಹಾಕಿದ್ದು ಯಾವಾಗ? ಗೊಬ್ಬರದ ಗುಂಡಿ ಕೆದಕುವ ಅಭ್ಯಾಸ ಇದೆಯೇ? ಹುಲ್ಲು ಎಲ್ಲಿ ಇಡುತ್ತೀರಿ? ಒಂದೊಂದಕ್ಕೂ ಉತ್ತರ ಕೊಡುತ್ತ ಹೋದಂತೆ ನನ್ನ ದನಿ ಸಣ್ಣದಾಗುತ್ತ ಬಂತು. ಗೋಡೆಯ ಬೂಷ್ಟಿನಿಂದಲೇ ಇದು ಬಂತೇ ಎಂದು ನೇರವಾಗಿ ಕೇಳಿದೆ. “ಹಾಗಂತ ನಾನು ಬರೆದುಕೊಡೋಕೆ ಆಗಲ್ಲ ಸರ್” ಎಂದರು. ಈ ಶಿಲೀಂಧ್ರ ಗೋಡೆಗಿಂತ ಹೆಚ್ಚಾಗಿ ಕೊಳೆಯುವ ಹುಲ್ಲು, ಎಲೆ, ಗೊಬ್ಬರಗಳಲ್ಲಿ ಬೆಳೆಯುತ್ತದೆ, ಬಿಸಿಯನ್ನು ತಡೆಯುವುದರಿಂದ ದೇಹದೊಳಗೂ ಸುಲಭವಾಗಿ ನಿಲ್ಲುತ್ತದೆ. ಇದರ ಬೀಜಕಣವನ್ನು ಎಲ್ಲ ನಾಯಿಗಳೂ ದಿನವೂ ಉಸಿರಾಡುತ್ತವೆ, ಆದರೂ ಉದ್ದ ಮತ್ತು ಮಧ್ಯಮ ಮೂತಿಯ ಕೆಲವೇ ನಾಯಿಗಳಲ್ಲಿ ಅದು ಬೇರೂರುತ್ತದೆ. ಒಂದು ನಾಯಿಯಿಂದ ಇನ್ನೊಂದಕ್ಕಾಗಲಿ ಮನುಷ್ಯರಿಗಾಗಲಿ ಇದು ಹರಡುವುದಿಲ್ಲ. ಆದರೆ ಬೂಷ್ಟು ಹಿಡಿದ ಹಾಸಿಗೆಯಲ್ಲಿ ಮೂತಿ ಹುದುಗಿಸಿ ರಾತ್ರಿಯೆಲ್ಲ ಮಲಗುವ ನಾಯಿ ಎಷ್ಟು ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆಂದು ನೀವೇ ಯೋಚಿಸಿ ಎಂದರು. ಇಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಗೋಡೆಯೇ ಕಾರಣವೆಂದು ಅವರು ಹೇಳಿಬಿಟ್ಟಿದ್ದರೆ ನನಗೆ ಒಂದು ಬಗೆಯ ಸಮಾಧಾನವಾದರೂ ಸಿಗುತ್ತಿತ್ತು.

ಚಿಕಿತ್ಸೆ ಮರುದಿನ. ಮೊದಲು ಆ ತುಂಡುಗಳನ್ನು ಕೆರೆದು ತೊಳೆದು ತೆಗೆದರು. ಬಳಿಕ ಗಂಟಲಿಗೆ ಬಟ್ಟೆಯ ಉಂಡೆ ತುಂಬಿ, ಮೂಗಿನ ಹಿಂಬಾಗಿಲನ್ನು ಗಾಳಿ ತುಂಬಿದ ಪುಟ್ಟ ಬಲೂನಿನಿಂದ ಮುಚ್ಚಿ, ಹೊಳ್ಳೆಗಳನ್ನೂ ಮುಚ್ಚಿ, ನಳಿಕೆಯ ಮೂಲಕ ಶೇಕಡಾ 1ರ ಕ್ಲೋಟ್ರಿಮಾಜೋಲ್ ದ್ರಾವಣ ತುಂಬಿದರು. ಒಂದು ಗಂಟೆ ಅದು ಒಳಗೇ ನಿಲ್ಲಬೇಕು. ಔಷಧ ಎಲ್ಲ ಮೂಲೆಗೂ ತಾಗಲೆಂದು ಹದಿನೈದು ನಿಮಿಷಕ್ಕೊಮ್ಮೆ ನಾಯಿಯನ್ನು ಅಂಗಾತ, ಒಂದು ಮಗ್ಗುಲು, ಬೋರಲು, ಇನ್ನೊಂದು ಮಗ್ಗುಲು ಎಂದು ತಿರುಗಿಸುತ್ತಾರೆ. ಕೊನೆಗೆ ಮೂತಿ ಕೆಳಗೆ ಮಾಡಿ ಎಲ್ಲವನ್ನೂ ಬಸಿಯುತ್ತಾರೆ. ಮಾತ್ರೆಯಿಂದಲೇ ಆಗುವುದಿಲ್ಲವೇ ಎಂಬ ನನ್ನ ಪ್ರಶ್ನೆಗೆ, ಶಿಲೀಂಧ್ರ ಮೂಗಿನ ಮೇಲ್ಪದರದಲ್ಲಿ ಕೂತಿದೆ, ರಕ್ತದ ಮೂಲಕ ಹೋಗುವ ಮಾತ್ರೆ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ, ಆದ್ದರಿಂದ ಮಾತ್ರೆ ಜೊತೆಗಿರಲಿ, ಮುಖ್ಯ ಚಿಕಿತ್ಸೆ ಇದೇ ಎಂದರು. ಇಟ್ರಾಕೊನಜೋಲ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಊಟದ ಜೊತೆ. ಯಕೃತ್ತಿಗೆ ತೊಂದರೆ ಮಾಡಬಲ್ಲ ಔಷಧವಾದ್ದರಿಂದ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಒಂದೇ ಸಲಕ್ಕೆ ಗುಣವಾಗುತ್ತದೆಂಬ ಭರವಸೆ ಬೇಡ, ನಾಲ್ಕು ವಾರ ಬಿಟ್ಟು ಮತ್ತೆ ಕ್ಯಾಮೆರಾ ಹಾಕೋಣ ಎಂದೂ ಹೇಳಿದರು.

ಮನೆಗೆ ಬಂದ ದಿನ ಸಂಜೆ ಓಣಿಯ ಗೋಣಿಚೀಲಗಳನ್ನು ಎತ್ತಿದೆ. ಮೇಲಿನ ಚೀಲ ಸ್ವಚ್ಛವಾಗಿತ್ತು, ಏಕೆಂದರೆ ಅದನ್ನು ನಾವು ವಾರಕ್ಕೊಮ್ಮೆ ಬದಲಿಸುತ್ತಿದ್ದೆವು. ಎರಡನೆಯದರಲ್ಲಿ ನೀರು ಕುಡಿದ ಕಲೆ. ಮೂರನೆಯದನ್ನು ಎತ್ತಲು ಹೋದರೆ ಅದು ನೆಲಕ್ಕೆ ಅಂಟಿತ್ತು, ಎಳೆದಾಗ ಸೆಣಬು ನೂಲುನೂಲಾಗಿ ಕಿತ್ತು ಬಂತು, ತಳದ ಇಡೀ ಮೈಗೆ ಬೂದುಹಸಿರು ಹುಡಿ ಮೆತ್ತಿಕೊಂಡಿತ್ತು. ಗೋಡೆಯ ಬುಡದಿಂದ ಎರಡು ಗೇಣು ಮೇಲಿನವರೆಗೆ ಬಣ್ಣ ಹಪ್ಪಳದಂತೆ ಉಬ್ಬಿ ನಿಂತಿತ್ತು. ಉಗುರಿನಿಂದ ಒತ್ತಿದರೆ ಟಪ್ಪೆಂದು ಒಡೆದು ಅದರ ಹಿಂದಿನಿಂದ ಕಪ್ಪು ನೀರು ಜಿನುಗಿತು. ಆ ಮುಗ್ಗಲು ವಾಸನೆಯನ್ನು ನಾವು ವರ್ಷಗಳಿಂದ ‘ನಾಯಿ ವಾಸನೆ’ ಎಂದು ಕರೆಯುತ್ತಿದ್ದೆವು.

ಆಗ ನಾನೊಂದು ದಡ್ಡತನ ಮಾಡಿದೆ. ಸಿಟ್ಟಿನಲ್ಲಿ ಚೀಲಗಳನ್ನು ಅಲ್ಲೇ ಕೊಡವಿ, ಒಣ ಹಿಡಿಸೂಡಿಯಿಂದ ಗೋಡೆ ಗುಡಿಸಿದೆ. ಹುಡಿ ಓಣಿಯ ತುಂಬ ಎದ್ದಿತು. ನನಗೆ ಎರಡು ದಿನ ಕೆಮ್ಮು. ಅಟ್ಟದ ಮೇಲೆ ಕೂತಿದ್ದ ಬೆಕ್ಕು ಪುಟ್ಟಿಯಂತೂ ಆ ರಾತ್ರಿ ಕತ್ತು ಚಾಚಿ, ಮೈ ನೆಲಕ್ಕೆ ತಾಗಿಸಿ, ಏನೋ ಕಕ್ಕುವವಳಂತೆ ಕೆಮ್ಮಿದಳು, ಆದರೆ ಏನೂ ಹೊರಬರಲಿಲ್ಲ. ಬೆಕ್ಕು ಹಾಗೆ ಮಾಡಿದರೆ ಕೂದಲುಂಡೆ ಎಂದೇ ನಾವೆಲ್ಲ ತಿಳಿಯುತ್ತೇವೆ. ಶಿವಮೊಗ್ಗದ ವೈದ್ಯರು ಫೋನಿನಲ್ಲಿ ಕೇಳಿಸಿಕೊಂಡು, ಅದು ಉಬ್ಬಸದ ಕೆಮ್ಮೂ ಆಗಿರಬಹುದು, ಬೆಕ್ಕುಗಳಿಗೆ ಮನುಷ್ಯರಂತೆಯೇ ಆಸ್ತಮಾ ಬರುತ್ತದೆ, ಬೂಷ್ಟಿನ ಕಣ ಅದನ್ನು ಕೆದಕುವ ವಸ್ತುಗಳಲ್ಲಿ ಒಂದು, ಮತ್ತೆ ಬಂದರೆ ವಿಡಿಯೋ ಮಾಡಿಕೊಂಡು ಬನ್ನಿ ಎಂದರು. ಪುಟ್ಟಿಗೆ ಮತ್ತೆ ಬರಲಿಲ್ಲ. ಗೋಡೆಯ ಮೇಲೆ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಬಾಗಿಲು ಹಾಕಿ, ಪ್ರಾಣಿಗಳನ್ನು ಬೇರೆ ಕಡೆ ಕಟ್ಟಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಕೆಲಸ ಮಾಡಬೇಕಿತ್ತು. ಚೀಲಗಳನ್ನು ಕೊಡವದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಹೊರಗೆ ಒಯ್ಯಬೇಕಿತ್ತು.

ಗೋಡೆಯ ವಿಷಯಕ್ಕೆ ಕರೆಸಿದ್ದು ನಮ್ಮ ಊರಿನ ಹಳೆಯ ಗಾರೆ ಕೆಲಸದವರನ್ನು. ಅವರು ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು, “ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಅಂಗಿ ತೊಡ್ಸಿದೀರಿ ಮೇಷ್ಟ್ರೇ, ಬೆವರು ಎಲ್ಲಿ ಹೋಗ್ಬೇಕು?” ಎಂದರು. ನಿಜ. ಎಪ್ಪತ್ತು ವರ್ಷದ ಮಣ್ಣಿನ ಗೋಡೆಗೆ ಅಜ್ಜನ ಕಾಲದಿಂದ ಪ್ರತಿ ವರ್ಷ ದೀಪಾವಳಿಗೆ ಮೊದಲು ಸುಣ್ಣ ಬಳಿಯುತ್ತಿದ್ದೆವು. 2021ರಲ್ಲಿ ತಂಗಿಯ ಮದುವೆಗೆಂದು ಬುಡಕ್ಕೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ತೊಳೆಯಬಹುದಾದ ಹೊಳಪಿನ ಬಣ್ಣ ಹೊಡೆಸಿದೆ. ನೆಲದಿಂದ ಏರುವ ತೇವ ಮೊದಲೆಲ್ಲ ಸುಣ್ಣದ ಮೂಲಕ ಹೊರಗೆ ಆರುತ್ತಿತ್ತು. ಈಗ ಬಣ್ಣದ ಹಿಂದೆ ನಿಂತಿತು. ಸುಣ್ಣದ ಕ್ಷಾರಗುಣದಲ್ಲಿ ಬೂಷ್ಟು ಸುಲಭವಾಗಿ ಹತ್ತುವುದಿಲ್ಲ, ಹೊಸ ಬಣ್ಣದ ಮೇಲೆ ಕೂರುವ ಧೂಳು ಮತ್ತು ಸೋಪಿನ ಜಿಡ್ಡಿಗೆ ಬಲು ಬೇಗ ಹತ್ತುತ್ತದೆ.

ಅದಕ್ಕಿಂತ ದೊಡ್ಡದನ್ನು ನೆನಪಿಸಿದ್ದು ಅಮ್ಮ. 2022ರಲ್ಲಿ ಛಾವಣಿಗೆ ಸೋಲಾರ್ ಹಾಕಿಸಿ, ಮಳೆಗಾಲಕ್ಕೆಂದು ಗ್ಯಾಸ್ ಗೀಸರ್ ಕೂಡ ತಂದ ಮೇಲೆ ಬಚ್ಚಲ ಒಲೆ ಆರಿತು. ಹಂಡೆಯಲ್ಲಿ ಹಳೆಯ ಪೇಪರ್ ತುಂಬಿಟ್ಟೆವು. ಬೆಳಗಿನ ಐದರಿಂದ ರಾತ್ರಿಯವರೆಗೆ ಅಡಿಕೆ ಸಿಪ್ಪೆ, ಹೆಡೆ, ಹಸಿ ಕಟ್ಟಿಗೆ ಏನು ಸಿಕ್ಕಿದರೂ ಉರಿಯುತ್ತಿದ್ದ ಆ ಒಲೆ ನೀರನ್ನಷ್ಟೇ ಕಾಯಿಸುತ್ತಿರಲಿಲ್ಲ. ಹಿಂದಿನ ಓಣಿಯನ್ನು, ಅಟ್ಟವನ್ನು, ಅಟ್ಟದ ಮೇಲಿನ ಗೋಣಿಗಳನ್ನು ಇಡೀ ಮಳೆಗಾಲ ಒಣಗಿಸಿಡುತ್ತಿತ್ತು. ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದೆಂಬುದರಲ್ಲಿ ನನಗೆ ಅನುಮಾನವಿಲ್ಲ, ಒಲೆ ಆರಿಸಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಆದರೆ ಅದು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಯಾರು ಮಾಡಬೇಕೆಂದು ನಾವು ಕೇಳಿಕೊಳ್ಳಲಿಲ್ಲ. ದಾಸುವಿಗಂತೂ ಒಲೆ ಆರಿದ್ದು ಗೊತ್ತೇ ಆಗಲಿಲ್ಲ, ಅಥವಾ ಗೊತ್ತಾದರೂ ಇನ್ನೆಲ್ಲಿ ಹೋಗಬೇಕೆಂದು ತೋಚಲಿಲ್ಲ. ಎರಡು ಮಳೆಗಾಲ ಅವನು ಅದೇ ಗೋಡೆಗೆ ಬೆನ್ನು ಒತ್ತಿ, ಬಾರದ ಕಾವಿಗಾಗಿ ಮೂತಿಯನ್ನು ಮೂಲೆಗೆ ಹುದುಗಿಸಿ ಮಲಗಿದ.

ರಿಪೇರಿಗೆ ಒಂದು ವಾರ ಹಿಡಿಯಿತು. ಬಣ್ಣ ಮತ್ತು ಗಿಲಾವನ್ನು ಕೆತ್ತಿ ತೆಗೆದಾಗ ಸೋಲಾರಿನಿಂದ ಬಚ್ಚಲಿಗೆ ಬರುವ ಪೈಪಿನ ಒಂದು ಜಾಯಿಂಟ್ ಗೋಡೆಯೊಳಗೇ ಹನಿಯುತ್ತಿರುವುದು ಸಿಕ್ಕಿತು. ಅದನ್ನು ಸರಿಪಡಿಸದೆ ಏನು ಬಳಿದರೂ ವ್ಯರ್ಥವಾಗುತ್ತಿತ್ತು. ಯಾರೋ ಬ್ಲೀಚಿಂಗ್ ಹಾಕಿ ತೊಳೆಯಿರಿ ಎಂದಿದ್ದರು. ಮಣ್ಣಿನಂಥ ಸರಂಧ್ರ ಗೋಡೆಯಲ್ಲಿ ಅದು ಮೇಲಿನ ಕಪ್ಪನ್ನು ಬಿಳಿ ಮಾಡುತ್ತದೆಯೇ ಹೊರತು ಒಳಗಿನ ಎಳೆಗಳಿಗೆ ತಲುಪುವುದಿಲ್ಲ, ಅದರ ಘಾಟು ಮೂಗಿನ ಗಾಯವಿರುವ ಪ್ರಾಣಿಗೆ ಇನ್ನೊಂದು ಹಿಂಸೆ, ಆಸಿಡ್ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಸೇರಿದರೆ ವಿಷಾನಿಲ. ಸೋಪುನೀರಿನಲ್ಲಿ ಉಜ್ಜಿ, ಫ್ಯಾನ್ ಹಾಕಿ ಒಣಗಿಸಿ, ಮೂರು ಕೈ ಸುಣ್ಣ ಬಳಿಸಿದೆವು. ಓಣಿಯ ಮೇಲ್ಗಡೆ ಎರಡು ಹಂಚು ತೆಗೆದು ಗಾಜಿನ ಹಂಚು ಕೂರಿಸಿ, ಎದುರುಗೋಡೆಯಲ್ಲಿ ಗಾಳಿಕಿಂಡಿ ತೆಗೆಸಿದೆವು.

ಆ ದಿನಗಳಲ್ಲಿ ನಾನು ಓದಿಕೊಂಡದ್ದರಲ್ಲಿ ಒಂದು ಸಂಗತಿ ನನ್ನ ಎಣಿಕೆಯನ್ನೇ ತಲೆಕೆಳಗು ಮಾಡಿತು. ಪ್ರಾಣಿಗಳನ್ನು ಹೆಚ್ಚು ಕೊಂದಿರುವುದು ಗೋಡೆಯ ಬೂಷ್ಟಲ್ಲ, ಆಹಾರದ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಹಾಗೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಿಂದ ಸತ್ತರು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಮಾಲೆ, ಅದೇ ಹೊಟ್ಟೆ ಊತ. ಈ ವಿಷ ಕುದಿಸಿದರೂ ಹೋಗುವುದಿಲ್ಲ, ನಾಯಿಯ ಯಕೃತ್ತಂತೂ ಅದಕ್ಕೆ ಬಹಳ ಸೂಕ್ಷ್ಮ. ಬೂಷ್ಟು ಬಂದ ಬ್ರೆಡ್ಡು, ಚೀಸು, ತಿಪ್ಪೆಯ ಹಳಸಲು ತಿಂದ ನಾಯಿಗಳಿಗೆ ಕೆಲವೇ ಗಂಟೆಗಳಲ್ಲಿ ಮೈ ನಡುಕ, ಸೆಳೆತ ಬರುವುದುಂಟು. ಅದು ಬೇರೊಂದು ಬಗೆಯ ಬೂಷ್ಟಿನ ವಿಷ, ತಡಮಾಡದೆ ವೈದ್ಯರಲ್ಲಿಗೆ ಓಡಬೇಕಾದದ್ದು. ಪತ್ರಿಕೆಗಳು ಹೆದರಿಸುವ ‘ಕಪ್ಪು ಬೂಷ್ಟು’ ವಿಷಕಾರಿ ಎಂಬುದು ಕೂಡ ವಿಜ್ಞಾನಿಗಳ ಗಮನಕ್ಕೆ ಬಂದದ್ದು 1930ರ ದಶಕದಲ್ಲಿ ಉಕ್ರೇನಿನಲ್ಲಿ, ಅದು ಹತ್ತಿದ ಹುಲ್ಲು ತಿಂದು ಕುದುರೆಗಳು ಸತ್ತಾಗ. ಇದನ್ನೆಲ್ಲ ಓದಿ ಎದ್ದು ಹೋಗಿ ಅಡುಗೆಮನೆಯ ಮೂಲೆಯ ಡಬ್ಬಿ ತೆರೆದೆ. ಹಿಂದಿನ ರಾತ್ರಿಯ ಅನ್ನ, ಮುಗ್ಗಲು ಅಕ್ಕಿಯ ನುಚ್ಚು, ಹುಳು ಬಿದ್ದ ಶೇಂಗಾ, “ನಮಗೆ ಬೇಡ, ನಾಯಿಗೆ ಹಾಕು” ಎಂದು ಬದಿಗಿಟ್ಟ ಎಲ್ಲವೂ ಅಲ್ಲಿದ್ದವು. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಡೆದುಬಂದ ಆ ಮಾತನ್ನು ನಿಲ್ಲಿಸುವುದು ಗೋಡೆ ಕೆತ್ತಿಸುವುದಕ್ಕಿಂತ ಕಷ್ಟವಾಯಿತು. ಈಗ ದಾಸುವಿಗೆ ಪ್ರತ್ಯೇಕವಾಗಿ ಅನ್ನ ಬೇಯುತ್ತದೆ, ತಿಂಡಿಯ ದೊಡ್ಡ ಮೂಟೆ ತರುವುದನ್ನು ಬಿಟ್ಟು ಒಂದು ಕಿಲೋದ ಪೊಟ್ಟಣ ತಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡುತ್ತೇವೆ.

ನವೆಂಬರ್ ಮೊದಲ ವಾರ ಬೆಂಗಳೂರಿಗೆ ಎರಡನೆಯ ಪ್ರಯಾಣ. ರಕ್ತ ನಿಂತಿತ್ತು, ಸಿಂಬಳ ನೀರಾಗಿತ್ತು, ಆದ್ದರಿಂದ ಎಲ್ಲ ಮುಗಿಯಿತೆಂದೇ ನಾನು ತಿಳಿದಿದ್ದೆ. ಕ್ಯಾಮೆರಾದಲ್ಲಿ ಹುಬ್ಬಿನ ಹಿಂದಿನ ಪೊಳ್ಳಿನ ಬಾಯಲ್ಲಿ ಕಡಲೆಬೇಳೆಯಷ್ಟು ಬಿಳಿ ತುಂಡು ಉಳಿದಿತ್ತು. ಮತ್ತೆ ಕೆರೆದು, ಮತ್ತೆ ಒಂದು ಗಂಟೆಯ ಔಷಧ. ಅಷ್ಟರಲ್ಲಿ ಯಕೃತ್ತಿನ ಒಂದು ಪ್ರಮಾಣ ಸ್ವಲ್ಪ ಏರಿದ್ದರಿಂದ ಇಟ್ರಾಕೊನಜೋಲನ್ನು ಹತ್ತು ದಿನ ನಿಲ್ಲಿಸಿ, ಬಳಿಕ ದಿನಕ್ಕೆ ಒಂದಕ್ಕೆ ಇಳಿಸಿದರು. ಪ್ರಯಾಣ, ಸ್ಕ್ಯಾನ್, ಅರಿವಳಿಕೆ, ಔಷಧ ಎಲ್ಲ ಕೂಡಿದರೆ ಆ ವರ್ಷ ಒಂದು ಕ್ವಿಂಟಲ್ ರಾಶಿ ಅಡಿಕೆ ಮಾರಿ ಬಂದ ಹಣಕ್ಕಿಂತ ಹೆಚ್ಚೇ ಆಯಿತು. ನಾಯಿಗೆ ಇಷ್ಟು ಖರ್ಚು ಮಾಡುವವರುಂಟೇ ಎಂದು ಊರಿನಲ್ಲಿ ಕೇಳಿದವರಿಗೆ ಅಮ್ಮ, “ತಪ್ಪು ನಾಯಿದಲ್ಲವಲ್ಲ” ಎಂದರು. 2025ರ ಜನವರಿಯ ಮೂರನೆಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಮಾತ್ರೆ ನಿಂತಿತು.

ಕರಗಿದ ಸುರುಳಿ ಮೂಳೆಗಳು ಮತ್ತೆ ಬೆಳೆಯುವುದಿಲ್ಲ. ಸೋಸುವ ಹಾಳೆಗಳಿಲ್ಲದ ಬಲ ಹೊಳ್ಳೆಯಿಂದ ದಾಸುವಿಗೆ ಈಗಲೂ ಆಗಾಗ ನೀರು ಇಳಿಯುತ್ತದೆ, ಧೂಳು ಎದ್ದರೆ ಐದಾರು ಸಲ ಒಂದೇ ಸಮನೆ ಸೀನುತ್ತಾನೆ. ಹೊಳ್ಳೆಯ ಗುಲಾಬಿ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಅಲ್ಲಲ್ಲಿ ಮರಳಿವೆ, ಪೂರ್ತಿ ಕೂಡಿಲ್ಲ. 2025ರ ಮಳೆಗಾಲದಲ್ಲಿ ಅವನಿಗೆ ಅಡಿಕೆ ದಬ್ಬೆಯಿಂದ ನೆಲದಿಂದ ಒಂದು ಮೊಳ ಎತ್ತರದ ಮಂಚ ಮಾಡಿ, ಗೋಡೆಯಿಂದ ದೂರ, ಜಗುಲಿಯ ಗಾಳಿ ಆಡುವ ಕಡೆ ಇಟ್ಟೆ. ಹಾಸುವುದು ಎರಡು ಹಳೆಯ ಪಂಚೆ; ಒಂದು ಒಗೆಯಲು ಹೋದರೆ ಒಣಗಿದ ಇನ್ನೊಂದು ಮೇಲೆ ಬರುತ್ತದೆ. ಮೊದಲ ಎರಡು ರಾತ್ರಿ ಮಂಚ ಬಿಟ್ಟು ಓಣಿಗೆ ಹೋಗಿ ಸುಣ್ಣ ಬಳಿದ ಗೋಡೆಯ ಬುಡದಲ್ಲಿ ಮಲಗಿದ. ಮೂರನೆಯ ದಿನ ಅಮ್ಮ ಹಂಡೆಯೊಳಗಿನ ಪೇಪರ್ ತೆಗೆಸಿ, ಸಂಜೆ ಒಂದು ತಾಸು ಒಲೆ ಉರಿಸಿದರು. ಈಗ ಮಳೆಗಾಲದಲ್ಲಿ ಅದು ದಿನವೂ ನಡೆಯುತ್ತದೆ, ಪಂಚೆಗಳು ಅಲ್ಲೇ ಒಣಗುತ್ತವೆ. ಒಲೆ ಉರಿಯುವ ಆ ಒಂದು ತಾಸು ದಾಸು ಬಚ್ಚಲ ಬಾಗಿಲಲ್ಲಿ ಮಲಗುತ್ತಾನೆ, ಬೆಂಕಿ ತಗ್ಗಿದ ಮೇಲೆ ತಾನಾಗಿಯೇ ಎದ್ದು ಮಂಚಕ್ಕೆ ಬರುತ್ತಾನೆ.